ಮಳೆಗಾಲಕ್ಕೆ ಮುಂಚಿನ ಮನೆ, ತೋಟ, ಶಾಲೆಯ ಕೆಲಸಗಳನ್ನು ಕಣ್ಣೆದುರು ಜೋಡಿಸಿಕೊಳ್ಳುವುದು ಹೇಗೆ?

ಬದಿಯಡ್ಕ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಅಧ್ಯಾಪಿಕೆ. ಮನೆಯಲ್ಲಿ ಅಡಿಕೆ ತೋಟವಿದೆ, ವಯಸ್ಸಾದ ಅತ್ತೆಯವರಿದ್ದಾರೆ, ಹತ್ತನೆಯ ತರಗತಿ ಮುಗಿಸಿ ಪ್ಲಸ್ ವನ್ ಸೇರಬೇಕಾದ ಮಗಳಿದ್ದಾಳೆ. ಯಜಮಾನರು ಮಂಗಳೂರಿನಲ್ಲಿ ಉದ್ಯೋಗದಲ್ಲಿರುವುದರಿಂದ ವಾರದ ಕೊನೆಗೆ ಮಾತ್ರ ಮನೆಯಲ್ಲಿರುತ್ತಾರೆ. ಬೇಸಿಗೆ ರಜೆಯೆಂದರೆ ಬಿಡುವು ಎಂದು ಹೊರಗಿನವರು ತಿಳಿಯುತ್ತಾರೆ. ಆದರೆ ಜೂನ್ 1ಕ್ಕೆ ಶಾಲೆ ತೆರೆಯುವುದೂ ಮಳೆ ಹಿಡಿಯುವುದೂ ಹೆಚ್ಚುಕಡಿಮೆ ಒಂದೇ ವಾರದಲ್ಲಿ ಆಗುವ ನಮ್ಮ ಕಡೆಯಲ್ಲಿ, ಮೇ ತಿಂಗಳಿನಷ್ಟು ಒತ್ತಡದ ತಿಂಗಳು ಬೇರೆ ಇಲ್ಲ.

ಮಾಡಬೇಕಾದ ಕೆಲಸಗಳನ್ನೆಲ್ಲ ನಾನು ಡೈರಿಯಲ್ಲಿ ಒಂದರ ಕೆಳಗೊಂದು ಬರೆದಿಡುತ್ತೇನೆ. ಒಡೆದ ಹಂಚು ಬದಲಿಸುವುದು, ಸೌದೆಯನ್ನು ಕೊಟ್ಟಿಗೆಗೆ ಸೇರಿಸುವುದು, ತೋಟದ ಕಣಿ (ನೀರು ಹರಿಯುವ ಕಾಲುವೆ) ಬಿಡಿಸುವುದು, ಅಡಿಕೆಗೆ ಮದ್ದು ಬಿಡುವವರನ್ನು ಗೊತ್ತು ಮಾಡುವುದು, ಮಗಳ ಪ್ಲಸ್ ವನ್ ಅರ್ಜಿ, ಗ್ರಾಮ ಕಚೇರಿಯಿಂದ ಬರಬೇಕಾದ ಒಂದು ಪ್ರಮಾಣಪತ್ರ, ಅತ್ತೆಯವರ ಕಣ್ಣಿನ ತಪಾಸಣೆ, ಹೊಸ ವರ್ಷದ ಪಾಠಯೋಜನೆ, ಬಿಸಿಲಿರುವಾಗಲೇ ಒಣಗಬೇಕಾದ ಹಲಸಿನ ಹಪ್ಪಳ, ಹೀಗೆ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಎಲ್ಲವೂ ಪಟ್ಟಿಯಲ್ಲಿದ್ದರೂ ಯಾವುದು ಎಲ್ಲಿಯವರೆಗೆ ಬಂದಿದೆ, ಯಾವುದು ಇನ್ನೊಬ್ಬರ ಕೈಯಲ್ಲಿ ನಿಂತಿದೆ, ಯಾವುದನ್ನು ಈ ವಾರ ಬಿಟ್ಟರೆ ಮತ್ತೆ ಮಾಡಲಾಗದು ಎಂಬುದು ಅದನ್ನು ನೋಡಿದರೆ ತಿಳಿಯುವುದಿಲ್ಲ. ಹಪ್ಪಳವೂ ಒಂದು ಸಾಲು, ಪ್ಲಸ್ ವನ್ ಅರ್ಜಿಯೂ ಒಂದು ಸಾಲು.

ಕೆಲಸಗಳನ್ನು ಚಿತ್ರದ ಹಾಗೆ, ಫಲಕದ ಮೇಲೆ ಚೀಟಿಗಳ ರೂಪದಲ್ಲಿ ಜೋಡಿಸುವ ಪದ್ಧತಿಗಳಿವೆ ಎಂದು ಕೇಳಿದ್ದೇನೆ. ನಮ್ಮಂಥ ಮನೆಗೆ ಅವುಗಳಲ್ಲಿ ಯಾವುದು ಹೊಂದುತ್ತದೆ? ಫೋನಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದೋ, ಗೋಡೆಯ ಮೇಲೆಯೋ? ಅನುಭವವಿರುವವರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಕುಂಬಳೆಯ ಇಂಜಿನಿಯರ್:

ಟೀಚರ್, ನಿಮ್ಮ ಪ್ರಶ್ನೆಯಲ್ಲಿಯೇ ಮುಖ್ಯವಾದ ಸಂಗತಿ ಇದೆ. ಪಟ್ಟಿ ಎಂಬುದು ಏನೇನು ಮಾಡಬೇಕೆಂದು ಹೇಳುತ್ತದೆಯೇ ಹೊರತು ಕೆಲಸದ ಸ್ಥಿತಿಯನ್ನು ಹೇಳುವುದಿಲ್ಲ. ನಾನು ಬಹಳ ಕಾಲ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ದುಡಿದವನು. ಅಲ್ಲಿ ನಾವು ದಿನವೂ ಬಳಸುತ್ತಿದ್ದ ಕಾನ್‌ಬಾನ್ ಪದ್ಧತಿಯನ್ನೇ ಈಗ ಮನೆಯಲ್ಲಿಯೂ ಇಟ್ಟುಕೊಂಡಿದ್ದೇನೆ. ಅದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಎರಡನೆಯ ಮಹಾಯುದ್ಧದ ಬಳಿಕ ಜಪಾನಿನ ಟೊಯೊಟಾ ಕಂಪೆನಿಯಲ್ಲಿ ತೈಚಿ ಓನೊ ಎಂಬ ಇಂಜಿನಿಯರ್ ಇದನ್ನು ರೂಪಿಸಿದರು. ಅವರಿಗೆ ಈ ಯೋಚನೆ ಸಿಕ್ಕಿದ್ದು ಅಮೆರಿಕದ ಸೂಪರ್ ಮಾರ್ಕೆಟುಗಳಿಂದ. ಅಲ್ಲಿ ಗಿರಾಕಿ ಎತ್ತಿಕೊಂಡು ಹೋದಷ್ಟು ಸಾಮಾನನ್ನು ಮಾತ್ರ ಮತ್ತೆ ತುಂಬಿಸುತ್ತಾರೆ. ಅದೇ ರೀತಿ ಕಾರ್ಖಾನೆಯ ಪ್ರತಿ ಪೆಟ್ಟಿಗೆಗೂ ಒಂದು ಚೀಟಿ ಇಟ್ಟು, ಮುಂದಿನ ವಿಭಾಗದಿಂದ ಚೀಟಿ ಹಿಂದಿರುಗಿದ ಮೇಲೆಯೇ ಹಿಂದಿನ ವಿಭಾಗ ಹೊಸ ಬಿಡಿಭಾಗ ತಯಾರಿಸಬೇಕೆಂದು ಗೊತ್ತುಪಡಿಸಿದರು. ಎಷ್ಟು ಚೀಟಿಗಳಿವೆಯೋ ಅಷ್ಟೇ ಕೆಲಸ ಒಂದು ಹೊತ್ತಿನಲ್ಲಿ ನಡೆಯಲು ಸಾಧ್ಯವೆಂಬುದೇ ಅದರ ತಿರುಳು. ಮುಂದೆ ಸಾಫ್ಟ್‌ವೇರ್ ಕ್ಷೇತ್ರದವರು ಇದನ್ನು ಗೋಡೆಯ ಫಲಕಕ್ಕೆ ಅಳವಡಿಸಿಕೊಂಡರು, ಅಲ್ಲಿಂದ ಅದು ಮನೆಗಳಿಗೂ ಬಂತು.

ಮನೆಯ ಫಲಕಕ್ಕೆ ನಾಲ್ಕು ಕಂಬಸಾಲು (ಕಾಲಂ) ಸಾಕು. ಎಡಗಡೆ ‘ಮಾಡಬೇಕಾದದ್ದು’, ಅದರ ಪಕ್ಕದಲ್ಲಿ ‘ನಡೆಯುತ್ತಿರುವುದು’, ಆಮೇಲೆ ‘ಇನ್ನೊಬ್ಬರಿಗಾಗಿ ಕಾಯುತ್ತಿರುವುದು’, ಬಲತುದಿಯಲ್ಲಿ ‘ಮುಗಿದದ್ದು’. ಒಂದು ಕೆಲಸಕ್ಕೆ ಒಂದು ಚೀಟಿ. ಕೆಲಸ ಮುಂದುವರಿದ ಹಾಗೆ ಚೀಟಿಯೂ ಎಡದಿಂದ ಬಲಕ್ಕೆ ಸರಿಯಬೇಕು. ಹೆಚ್ಚಿನವರು ಇಷ್ಟನ್ನೇ ಮಾಡಿ, ಫಲಕ ಅಂದವಾಗಿದೆಯೆಂದು ಸಂತೋಷಪಟ್ಟು, ಸ್ವಲ್ಪ ದಿನದಲ್ಲಿ ಕೈಬಿಡುತ್ತಾರೆ. ಪದ್ಧತಿಯ ನಿಜವಾದ ಶಕ್ತಿ ಇರುವುದು ಎರಡನೆಯ ಕಂಬಸಾಲಿಗೆ ಹಾಕುವ ಮಿತಿಯಲ್ಲಿ. ಅಲ್ಲಿ ಒಂದು ಹೊತ್ತಿಗೆ ಮೂರಕ್ಕಿಂತ ಹೆಚ್ಚು ಚೀಟಿ ಇರಬಾರದು ಎಂದು ಆ ಸಾಲಿನ ಮೇಲ್ತುದಿಯಲ್ಲೇ 3 ಎಂಬ ಅಂಕಿಯನ್ನು ದಪ್ಪವಾಗಿ ಬರೆಯಿರಿ. ನಾಲ್ಕನೆಯದನ್ನು ಕೈಗೆತ್ತಿಕೊಳ್ಳಬೇಕಾದರೆ ಮೂರರಲ್ಲಿ ಒಂದು ಮುಗಿದಿರಬೇಕು, ಇಲ್ಲವೇ ಹಿಂದಕ್ಕೆ ಹೋಗಬೇಕು.

ಇದಕ್ಕೆ ಲೆಕ್ಕದ ಆಧಾರವೂ ಇದೆ. 1961ರಲ್ಲಿ ಜಾನ್ ಲಿಟಲ್ ಎಂಬವರು ಸಾಧಿಸಿ ತೋರಿಸಿದ ಒಂದು ಸೂತ್ರದ ಪ್ರಕಾರ, ಕೈಯಲ್ಲಿರುವ ಕೆಲಸಗಳ ಸರಾಸರಿ ಸಂಖ್ಯೆಯನ್ನು ದಿನಕ್ಕೆ ಮುಗಿಯುವ ಕೆಲಸಗಳ ಸರಾಸರಿಯಿಂದ ಭಾಗಿಸಿದರೆ ಒಂದು ಕೆಲಸಕ್ಕೆ ಹಿಡಿಯುವ ಸರಾಸರಿ ಕಾಲ ಸಿಗುತ್ತದೆ. ನಿಮ್ಮಿಂದ ದಿನಕ್ಕೆ ಒಂದು ಕೆಲಸ ಮುಗಿಯುತ್ತದೆ ಎಂದಿಟ್ಟುಕೊಳ್ಳಿ. ಹತ್ತು ಕೆಲಸಗಳನ್ನು ಒಟ್ಟಿಗೆ ಆರಂಭಿಸಿ ಕೈಯಲ್ಲಿ ಹಿಡಿದುಕೊಂಡಿದ್ದರೆ ಪ್ರತಿಯೊಂದೂ ಸರಾಸರಿ ಹತ್ತು ದಿನ ಎಳೆಯುತ್ತದೆ. ಮೂರನ್ನು ಮಾತ್ರ ಹಿಡಿದುಕೊಂಡಿದ್ದರೆ ಮೂರೇ ದಿನ. ದುಡಿಮೆ ಹೆಚ್ಚಿಲ್ಲ, ಕಡಿಮೆಯೂ ಇಲ್ಲ. ಆದರೆ ಅರ್ಧಕ್ಕೆ ನಿಂತ ಹಂಚು, ಅರ್ಧ ತುಂಬಿಸಿದ ಅರ್ಜಿ, ಅರ್ಧ ಬಿಡಿಸಿದ ಕಣಿ ಎಂದು ಎಲ್ಲೆಡೆ ಬಾಕಿ ಉಳಿಯುವುದು ತಪ್ಪುತ್ತದೆ. ಮನಸ್ಸಿನ ದೃಷ್ಟಿಯಿಂದಲೂ ಇದು ಸರಿ. ನಾವು ಒಂದು ಹೊತ್ತಿಗೆ ಸುಮಾರು ನಾಲ್ಕು ವಿಷಯಗಳನ್ನು ಮಾತ್ರ ಮನಸ್ಸಿನಲ್ಲಿ ಹಿಡಿದಿಡಬಲ್ಲೆವು ಎಂದು ಮನಶ್ಶಾಸ್ತ್ರಜ್ಞ ನೆಲ್ಸನ್ ಕೋವನ್ 2001ರಲ್ಲಿ ವಾದಿಸಿದ್ದರು.

ಮೂರನೆಯ ಕಂಬಸಾಲನ್ನು ದಯವಿಟ್ಟು ಬಿಡಬೇಡಿ. ಗ್ರಾಮ ಕಚೇರಿಯ ಪ್ರಮಾಣಪತ್ರಕ್ಕೆ ಅಕ್ಷಯ ಕೇಂದ್ರದಲ್ಲಿ (ಸರ್ಕಾರಿ ಸೇವೆಗಳ ಆನ್‌ಲೈನ್ ಅರ್ಜಿ ಕೇಂದ್ರ) ಅರ್ಜಿ ಕೊಟ್ಟಾದ ಮೇಲೆ ಆ ಕೆಲಸ ನಿಮ್ಮ ಕೈಯಲ್ಲಿಲ್ಲ. ಆದರೂ ಅದು ಮನಸ್ಸಿನಲ್ಲಿ ಕೊರೆಯುತ್ತಿರುತ್ತದೆ. ಆ ಚೀಟಿಯನ್ನು ಕಾಯುವ ಸಾಲಿಗೆ ಸರಿಸಿ, ಅದರ ಮೂಲೆಯಲ್ಲಿ ಅರ್ಜಿ ಕೊಟ್ಟ ದಿನಾಂಕ, ಅರ್ಜಿಯ ಸಂಖ್ಯೆ, ಮತ್ತೆ ವಿಚಾರಿಸಬೇಕಾದ ದಿನ, ಈ ಮೂರನ್ನು ಬರೆದಿಡಿ. ವಿಚಾರಿಸುವ ದಿನ ಬರುವವರೆಗೆ ಅದರ ಚಿಂತೆ ಬೇಡ. ನನ್ನ ಮನೆಯ ಫಲಕದಲ್ಲಿ ಅತ್ಯಂತ ಉಪಯೋಗಕ್ಕೆ ಬಂದ ಸಾಲು ಇದೇ.

ಚೀಟಿಯ ಮೇಲೆ ಬರೆಯುವ ಮಾತೂ ಮುಖ್ಯ. ‘ಛಾವಣಿ’ ಎಂದು ಬರೆದರೆ ಏನು ಮಾಡಬೇಕೆಂದು ತಿಳಿಯದು. ‘ಅಡುಗೆಮನೆಯ ಮೇಲಿನ ಒಡೆದ ಹಂಚುಗಳನ್ನು ಎಣಿಸುವುದು’ ಎಂದು ಬರೆದರೆ ಏಣಿ ಇಟ್ಟು ಅರ್ಧ ಗಂಟೆಯಲ್ಲಿ ಮುಗಿಸಬಹುದು. ಹಂಚು ತರಿಸುವುದು ಮುಂದಿನ ಚೀಟಿ.

ಪೆರ್ಲದ ಕೃಷಿಕ:

ಇಂಜಿನಿಯರಣ್ಣ ಹೇಳಿದ ಫಲಕವನ್ನು ನಾನು ಒಪ್ಪುತ್ತೇನೆ, ಆದರೆ ತೋಟದ ಕೆಲಸಕ್ಕೆ ಅದೊಂದೇ ಸಾಲದು. ಆ ಫಲಕದಲ್ಲಿ ಕಾಲ ಕಾಣಿಸುವುದಿಲ್ಲ. ಸೌದೆ ಇಂದು ಸೇರಿಸಿದರೂ ಆದೀತು, ನಾಲ್ಕು ದಿನ ಬಿಟ್ಟರೂ ಆದೀತು, ಮದ್ದು ಹಾಗಲ್ಲ. ಅಡಿಕೆಕಾಯಿ ಕೊಳೆತು ಉದುರುವ ಮಹಾಳಿ ರೋಗ ತಡೆಯಬೇಕಾದರೆ, ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಕಲಸಿದ ಬೋರ್ಡೋ ದ್ರಾವಣದ ಮೊದಲ ಸಿಂಪಡಣೆ ಮಳೆ ಹಿಡಿಯುವ ಮೊದಲೇ ಆಗಬೇಕು, ಎರಡನೆಯದು ಅದರಿಂದ 40–45 ದಿನಕ್ಕೆ. ಇಂಥ ಕೆಲಸಗಳನ್ನು ಕಾಲದ ಪಟ್ಟಿಯ ಮೇಲೆ ಗೆರೆ ಎಳೆದೇ ನೋಡಬೇಕು.

ಇದು ಕೂಡ ಹಳೆಯ ಪದ್ಧತಿಯೇ. ಅಮೆರಿಕದ ಹೆನ್ರಿ ಗ್ಯಾಂಟ್ ಎಂಬ ಇಂಜಿನಿಯರ್ 1910ರ ದಶಕದಲ್ಲಿ ಪ್ರಚಾರಕ್ಕೆ ತಂದದ್ದರಿಂದ ಗ್ಯಾಂಟ್ ಚಾರ್ಟ್ ಎನ್ನುತ್ತಾರೆ. ಅವರಿಗಿಂತ ಮುಂಚೆ, 1896ರಲ್ಲಿಯೇ, ಪೋಲೆಂಡಿನ ಕಾರೊಲ್ ಆದಮೆಟ್ಸ್‌ಕಿ ಇಂಥದೇ ಒಂದು ಚಿತ್ರಪಟವನ್ನು ರೂಪಿಸಿದ್ದರು. ಅಡ್ಡಕ್ಕೆ ದಿನಗಳು, ಉದ್ದಕ್ಕೆ ಕೆಲಸಗಳು, ಒಂದೊಂದು ಕೆಲಸ ಯಾವ ದಿನ ಆರಂಭವಾಗಿ ಯಾವ ದಿನ ಮುಗಿಯಬೇಕೋ ಅಷ್ಟು ಉದ್ದದ ಗೆರೆ.

ನಾನು ಮಾಡುವ ಕ್ರಮವನ್ನು ಹೇಳುತ್ತೇನೆ. ಹಳೆಯ ಗೋಡೆ ಕ್ಯಾಲೆಂಡರಿನ ಹಾಳೆಗಳ ಹಿಂಬದಿಯನ್ನು ಉದ್ದಕ್ಕೆ ಅಂಟಿಸಿ, ಏಪ್ರಿಲ್ ಮಧ್ಯದಿಂದ ಜುಲೈ ಕೊನೆಯವರೆಗೆ ವಾರಗಳ ಮನೆಗಳನ್ನು ಎಳೆಯುತ್ತೇನೆ. ಕೇರಳಕ್ಕೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 1. ಅದಕ್ಕೆ ಮುಂಚಿನ ವಾರದಲ್ಲಿ ಕೆಂಪು ಗೆರೆಯೊಂದನ್ನು ಮೇಲಿನಿಂದ ಕೆಳಗಿನವರೆಗೆ ಎಳೆದು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತೇನೆ. ಮದ್ದು ಬಿಡುವ ದಿನ ಅದರೊಳಗೆ ಬರಬೇಕು. ಮದ್ದು ಬಿಡುವವರು ಆ ಹೊತ್ತಿಗೆ ಊರಿಡೀ ಓಡಾಡುತ್ತಿರುವುದರಿಂದ ಅವರಲ್ಲಿ ಮೇ ತಿಂಗಳ ಆರಂಭದಲ್ಲಿಯೇ ದಿನ ಕೇಳಿಟ್ಟುಕೊಳ್ಳಬೇಕು. ಮೈಲುತುತ್ತು, ಸುಣ್ಣ ಅದಕ್ಕಿಂತ ಮೊದಲು ಮನೆಗೆ ಬಂದಿರಬೇಕು. ಶೇಕಡಾ ಒಂದರ ದ್ರಾವಣಕ್ಕೆ 100 ಲೀಟರ್ ನೀರಿಗೆ ತಲಾ 1 ಕೆ.ಜಿ. ಎಂಬ ಲೆಕ್ಕದಲ್ಲಿ ತೋಟಕ್ಕೆ ಎಷ್ಟು ಬೇಕೆಂದು ಚೀಟಿಯ ಮೇಲೆಯೇ ಬರೆದಿಟ್ಟರೆ ಅಂಗಡಿಯಲ್ಲಿ ನಿಂತು ಯೋಚಿಸಬೇಕಾಗಿಲ್ಲ. ಪಂಪು, ಪೈಪು, ದೋಟಿ (ಉದ್ದದ ಕೋಲು) ಸರಿಯಿವೆಯೇ ಎಂದು ನೋಡುವುದು ಇನ್ನೂ ಹಿಂದಿನ ವಾರಕ್ಕೆ. ದ್ರಾವಣವನ್ನು ಮಾತ್ರ ಮುಂಚಿತವಾಗಿ ಕಲಸಿಡುವಂತಿಲ್ಲ, ಕಲಸಿದ ದಿನವೇ ಬಳಸಬೇಕು. ಆದ್ದರಿಂದ ಕಲಸುವುದೂ ಸಿಂಪಡಿಸುವುದೂ ನನ್ನ ಪಟದಲ್ಲಿ ಒಂದೇ ಗೆರೆ. ಮೈಲುತುತ್ತನ್ನು ಹಿಂದಿನ ರಾತ್ರಿ ನೀರಿನಲ್ಲಿ ಕರಗಲು ಇಡುವುದಕ್ಕೆ ಆ ಗೆರೆಯ ಎಡತುದಿಯಲ್ಲಿ ಒಂದು ಚುಕ್ಕೆ.

ಹೀಗೆ ಹಿಂದಕ್ಕೆ ಎಳೆದು ಬಂದಾಗ ಒಂದು ವಿಷಯ ಸ್ಪಷ್ಟವಾಗುತ್ತದೆ. ಮೇ ಕೊನೆಯ ಕೆಲಸವೆಂದು ನಾವು ತಿಳಿದುಕೊಂಡದ್ದರ ಮೊದಲ ಹೆಜ್ಜೆ ಏಪ್ರಿಲಿನಲ್ಲಿಯೇ ಬಿದ್ದಿರುತ್ತದೆ. ಡೈರಿಯ ಪಟ್ಟಿ ಎಷ್ಟೇ ಚೊಕ್ಕವಾಗಿದ್ದರೂ ಇದನ್ನು ತೋರಿಸಲಾರದು.

ಇನ್ನೊಂದು ಮಾತು. ನಮ್ಮ ತೋಟದ ಕೆಲಸಕ್ಕೆ ಬರುವವರಲ್ಲಿ ಒಬ್ಬರು ತುಳು ಮಾತನಾಡಿದರೂ ಓದುವುದು ಮಲಯಾಳವನ್ನು, ಇನ್ನಿಬ್ಬರು ಉತ್ತರದ ರಾಜ್ಯದವರು. ಕನ್ನಡದಲ್ಲಿ ಬರೆದರೆ ಅವರಿಗೆ ತಿಳಿಯದು. ಅದಕ್ಕಾಗಿ ಕಣಿಗೆ ಹಾರೆಯ ಚಿತ್ರ, ಮದ್ದಿಗೆ ದೋಟಿಯ ಚಿತ್ರ, ಗೊಬ್ಬರಕ್ಕೆ ಬುಟ್ಟಿಯ ಚಿತ್ರ ಬರೆದು, ಪಟವನ್ನು ಕೊಟ್ಟಿಗೆಯ ಗೋಡೆಯಲ್ಲಿ ತೂಗುಹಾಕಿದ್ದೇನೆ. ಬೆಳಿಗ್ಗೆ ಬಂದವರು ಅದನ್ನು ನೋಡಿ, ಬೆರಳಿಟ್ಟು ತೋರಿಸಿ, ಇಂದು ಇದು ತಾನೇ ಎಂದು ಕೇಳುತ್ತಾರೆ. ಗಡಿನಾಡಿನ ನಮ್ಮಂಥ ಜಾಗದಲ್ಲಿ ಚಿತ್ರಪದ್ಧತಿಯ ದೊಡ್ಡ ಪ್ರಯೋಜನ ಇದೇ ಎಂದು ನನ್ನ ಅಭಿಪ್ರಾಯ.

ವಿದ್ಯಾನಗರದ ವಿದ್ಯಾರ್ಥಿನಿ:

ಟೀಚರ್, ನಿಮ್ಮ ಪಾಠಯೋಜನೆಯ ಬಗ್ಗೆ ಮಾತ್ರ ಒಂದು ಸಲಹೆ. ಅದನ್ನು ಒಮ್ಮೆಗೇ ಚೀಟಿಗಳಾಗಿ ಒಡೆಯುವುದು ಕಷ್ಟ, ಏಕೆಂದರೆ ಅದರಲ್ಲಿ ಏನೇನು ಬರುತ್ತದೆಂಬುದೇ ಮೊದಲು ಪೂರ್ತಿ ಹೊಳೆದಿರುವುದಿಲ್ಲ. ಬ್ರಿಟನ್ನಿನ ಟೋನಿ ಬುಜಾನ್ 1970ರ ದಶಕದಲ್ಲಿ ಪ್ರಚಾರ ಮಾಡಿದ ಮೈಂಡ್ ಮ್ಯಾಪ್ ಇದಕ್ಕೆ ಒಳ್ಳೆಯದು. ಹಾಳೆಯ ನಡುವೆ ವಿಷಯವನ್ನು ಬರೆದು, ಸುತ್ತಲೂ ಪಾಠಗಳ ಕವಲು, ಅದರಿಂದ ಚಟುವಟಿಕೆ, ಬೇಕಾದ ಸಾಮಗ್ರಿ, ಪರೀಕ್ಷೆ ಎಂಬ ಸಣ್ಣ ಕವಲು ಎಳೆಯುತ್ತಾ ಹೋಗಬೇಕು. ಪೂರ್ತಿಯಾದ ಮೇಲೆ ತುದಿಯ ಕವಲುಗಳೇ ಇಂಜಿನಿಯರ್ ಸರ್ ಹೇಳಿದ ಚೀಟಿಗಳಾಗುತ್ತವೆ. ಸರ್ಕಾರಿ ಕೆಲಸದ ಪಿ.ಎಸ್.ಸಿ. ಪರೀಕ್ಷೆಗೆ ಓದುವಾಗ ನಾನು ಹೀಗೆಯೇ ಮಾಡುತ್ತೇನೆ. ಆದರೆ ಆ ನಕ್ಷೆಯನ್ನೇ ದಿನದ ಕೆಲಸದ ಫಲಕವಾಗಿ ಬಳಸಲು ಹೋಗಬೇಡಿ. ಎಷ್ಟು ಮುಗಿಯಿತೆಂದು ಅದರಲ್ಲಿ ಗುರುತಿಸುವುದು ಸುಲಭವಲ್ಲ.

ಬದಿಯಡ್ಕ ಟೀಚರ್:

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಓದಿದ ಮೇಲೆ ನನಗೆ ಅನಿಸಿದ್ದು ಇಷ್ಟು. ದಿನಾಂಕ ಕಟ್ಟುನಿಟ್ಟಾಗಿರುವ ಮದ್ದು, ಕಣಿ, ಪ್ಲಸ್ ವನ್ ಅರ್ಜಿ, ಶಾಲೆ ತೆರೆಯುವ ಸಿದ್ಧತೆ, ಇವುಗಳನ್ನು ಕೃಷಿಕ ಅಣ್ಣ ಹೇಳಿದ ಹಾಗೆ ಉದ್ದದ ಪಟದಲ್ಲಿ ಎಳೆದುಕೊಂಡು, ಪ್ರತಿ ಭಾನುವಾರ ಆ ಪಟವನ್ನು ನೋಡಿ ಬರುವ ವಾರಕ್ಕೆ ಬೇಕಾದದ್ದನ್ನು ಮಾತ್ರ ಚೀಟಿಗಳಾಗಿ ಫಲಕಕ್ಕೆ ತರುತ್ತೇನೆ. ಭಾನುವಾರ ಯಜಮಾನರೂ ಮನೆಯಲ್ಲಿರುವುದರಿಂದ ಹಂಚಿಕೊಳ್ಳುವುದು ಸುಲಭ.

ಎರಡು ಸಂದೇಹಗಳು ಉಳಿದಿವೆ. ಅತ್ತೆಯವರು ಫೋನ್ ನೋಡುವವರಲ್ಲ, ಆದರೆ ಮನೆಯ ಎಷ್ಟೋ ಕೆಲಸಗಳು ಅವರ ಮೇಲ್ವಿಚಾರಣೆಯಲ್ಲಿಯೇ ನಡೆಯುತ್ತವೆ. ಅವರನ್ನು ಇದರಲ್ಲಿ ಸೇರಿಸಿಕೊಳ್ಳುವುದು ಹೇಗೆ? ಎರಡನೆಯದಾಗಿ, ಹಾಲು, ಅಡುಗೆ, ನೀರು ಬಿಡುವುದು ಮುಂತಾದ ನಿತ್ಯದ ಕೆಲಸಗಳಿಗೂ ಚೀಟಿ ಇಡಬೇಕೇ?

ಮುಳ್ಳೇರಿಯದ ನಿವೃತ್ತ ಮಾಸ್ತರ್:

ಟೀಚರಮ್ಮಾ, ನಿತ್ಯದ ಕೆಲಸಗಳಿಗೆ ಚೀಟಿ ಖಂಡಿತ ಬೇಡ. ತಾನಾಗಿ ನಡೆಯುವುದನ್ನೆಲ್ಲ ಅಂಟಿಸುತ್ತಾ ಹೋದರೆ ನಿಜವಾಗಿ ನೋಡಬೇಕಾದದ್ದು ಅದರೊಳಗೆ ಮುಚ್ಚಿಹೋಗುತ್ತದೆ. ತಿಂಗಳಿಗೋ ಎರಡು ತಿಂಗಳಿಗೋ ಬರುವ ವಿದ್ಯುತ್ ಬಿಲ್ಲು, ಸೊಸೈಟಿಯ ಕಂತು ಮುಂತಾದವುಗಳನ್ನು ಕ್ಯಾಲೆಂಡರಿನಲ್ಲಿಯೇ ಗುರುತು ಹಾಕಿಕೊಂಡರೆ ಸಾಕು.

ಅತ್ತೆಯವರ ವಿಷಯದಲ್ಲಿ ನನ್ನದು ಸ್ಪಷ್ಟ ಅಭಿಪ್ರಾಯ: ಫಲಕ ಗೋಡೆಯ ಮೇಲೆಯೇ ಇರಬೇಕು. ಫೋನಿನ ಫಲಕ ಒಬ್ಬರಿಗೆ ಮಾತ್ರ ಕಾಣುತ್ತದೆ, ಅದೂ ತೆರೆದಾಗ ಮಾತ್ರ. ಯಜಮಾನರು ಮಂಗಳೂರಿನಲ್ಲಿರುವುದರಿಂದ ಅವರಿಗೆ ಬೇಕಿದ್ದರೆ ಸಂಜೆಗೊಮ್ಮೆ ಗೋಡೆಯ ಫಲಕದ ಫೋಟೋ ಕಳುಹಿಸಿ, ಅಷ್ಟೇ ಸಾಕು. ಅತ್ತೆಯವರ ಕೆಲಸಗಳನ್ನು ನೀವು ಬರೆದು ಅಂಟಿಸಬೇಡಿ. ಅವರನ್ನು ಕೇಳಿ, ಅವರ ಮಾತಿನಲ್ಲಿಯೇ ಬರೆದು, ಚೀಟಿಯನ್ನು ಅವರ ಕೈಗೆ ಕೊಡಿ. ಹಪ್ಪಳ ಒಣಗಿ ಡಬ್ಬಿಗೆ ಸೇರಿದ ದಿನ ಆ ಚೀಟಿಯನ್ನು ಸರಿಸುವುದು ಅವರೇ ಆಗಿರಲಿ. ಹಿರಿಯರಿಗೆ ಇದು ಸೊಸೆಯ ತಪಾಸಣೆ ಎಂದು ತೋರಿದರೆ ಆ ದಿನವೇ ಪದ್ಧತಿ ಮುರಿದಂತೆ. ಅಕ್ಷರ ದೊಡ್ಡದಾಗಿರಲಿ, ದಪ್ಪ ಮಸಿಯ ಪೆನ್ನಿನಿಂದ ಬರೆಯಿರಿ, ಫಲಕ ಅವರು ಕುಳಿತುಕೊಳ್ಳುವ ಜಾಗದಿಂದ ಕಾಣುವಂತಿರಲಿ. ಬಣ್ಣದ ಚೀಟಿ ಬಳಸುವುದಾದರೆ ಒಬ್ಬೊಬ್ಬರಿಗೆ ಒಂದೊಂದು ಬಣ್ಣವಿರಲಿ, ಆದರೆ ಬಣ್ಣವನ್ನೇ ನಂಬದೆ ಹೆಸರಿನ ಮೊದಲ ಅಕ್ಷರವನ್ನೂ ಹಾಕಿ. ಕಣ್ಣಿನ ಪೊರೆ ಇರುವವರಿಗೆ ತಿಳಿ ಬಣ್ಣಗಳ ವ್ಯತ್ಯಾಸ ಗೊತ್ತಾಗುವುದಿಲ್ಲ.

ಸಾಮಗ್ರಿಯ ಬಗ್ಗೆ ಯಾರೂ ಹೇಳಲಿಲ್ಲ, ಆದ್ದರಿಂದ ಬರೆಯುತ್ತೇನೆ. ಅಂಟುಚೀಟಿಗಳು ಬೇಸಿಗೆಯಲ್ಲಿ ಚೆನ್ನಾಗಿರುತ್ತವೆ, ಜೂನ್ ಬಂದ ಕೂಡಲೇ ನಮ್ಮ ತೇವಕ್ಕೆ ಅಂಚು ಸುರುಳಿಯಾಗಿ, ಬೆಳಗಾಗುವಾಗ ನೆಲದ ಮೇಲೆ ಬಿದ್ದಿರುತ್ತವೆ. ಸುಣ್ಣದ ಗೋಡೆಗಾದರೆ ಅಂಟುವುದೇ ಇಲ್ಲ. ನಮ್ಮ ಮನೆಯಲ್ಲಿ ಕಬ್ಬಿಣದ ಕಪಾಟಿನ ಬಾಗಿಲನ್ನೇ ಫಲಕ ಮಾಡಿಕೊಂಡಿದ್ದೇವೆ. ಕಂಬಸಾಲುಗಳಿಗೆ ಬಣ್ಣದ ಟೇಪು, ಮದುವೆ ಕಾಗದದ ದಪ್ಪ ರಟ್ಟಿನಿಂದ ಕತ್ತರಿಸಿದ ಚೀಟಿಗಳು, ಹಿಡಿಯಲು ಸಣ್ಣ ಅಯಸ್ಕಾಂತಗಳು. ‘ನಡೆಯುತ್ತಿರುವುದು’ ಎಂಬ ಸಾಲಿಗೆ ಮೂರೇ ಅಯಸ್ಕಾಂತ ಇಟ್ಟಿದ್ದೇವೆ. ನಾಲ್ಕನೆಯ ಚೀಟಿಯನ್ನು ಹಿಡಿಯಲು ಅಲ್ಲಿ ಏನೂ ಇಲ್ಲದಿರುವುದರಿಂದ ಇಂಜಿನಿಯರರು ಹೇಳಿದ ಮಿತಿಯನ್ನು ಯಾರೂ ನೆನಪಿಸಬೇಕಾಗಿಲ್ಲ.

ಪೆರ್ಲದ ಕೃಷಿಕ:

ಮಾಸ್ತರರು ಹೇಳಿದ ಅಯಸ್ಕಾಂತದ ಉಪಾಯ ಬಹಳ ಚೆನ್ನಾಗಿದೆ, ನಾನೂ ಮಾಡುತ್ತೇನೆ. ಟೀಚರ್, ಪಟ ಎಳೆಯುವಾಗ ಒಂದನ್ನು ಗಮನಿಸಿ. ಎರಡನೆಯ ಮದ್ದಿನ ಗೆರೆಯನ್ನು ಈಗಲೇ ಪೆನ್ನಿನಲ್ಲಿ ಹಾಕಬೇಡಿ, ಪೆನ್ಸಿಲಿನಲ್ಲಿ ಹಾಕಿ. ಮೊದಲನೆಯದು ಮಳೆಯಿಂದಾಗಿ ನಾಲ್ಕು ದಿನ ಮುಂದೆ ಹೋದರೆ ಎರಡನೆಯದೂ ಅಷ್ಟೇ ಮುಂದೆ ಹೋಗುತ್ತದೆ. ಮೊದಲನೆಯದು ಮುಗಿದ ಸಂಜೆ ಅಲ್ಲಿಂದ 40 ದಿನ ಎಣಿಸಿ ಗೆರೆಯನ್ನು ಖಚಿತ ಮಾಡಿಕೊಂಡು, ಮದ್ದು ಬಿಡುವವರಿಗೂ ಆಗಲೇ ದಿನ ಹೇಳಿ ಕಳುಹಿಸಿ.